‘ಹಿ ಮಸ್ಟ್ ಬಿ ಇನ್ ಎ ಮೀಟಿಂಗ್’: ಇದು ಕಡ್ಡಾಯವಾ, ಊಹೆಯಾ?

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕೆಲಸ. ಮೊನ್ನೆ ಮ್ಯಾನೇಜರ್ ಎಲ್ಲಿ ಅಂತ ಕೇಳಿದಾಗ ಪಕ್ಕದವರು ‘ಹಿ ಮಸ್ಟ್ ಬಿ ಇನ್ ಎ ಮೀಟಿಂಗ್’ ಅಂದರು. ಅವರು ಮೀಟಿಂಗಿಗೆ ಹೋಗಲೇಬೇಕು ಅಂತ ನಾನು ತಿಳಿದುಕೊಂಡೆ. ‘ಮಸ್ಟ್’ ಅಂದರೆ ಕಡ್ಡಾಯ, ‘ಮೇ’ ಅಂದರೆ ಅನುಮತಿ ಅಂತಲೇ ನಾವು ಕಲಿತದ್ದು. ಊಹೆ, ಅಭಿಪ್ರಾಯ ಏನೇ ಇದ್ದರೂ ನಾನು ‘ಐ ಥಿಂಕ್’ ಸೇರಿಸಿಯೇ ಮಾತಾಡುತ್ತೇನೆ. ಬೇರೆ ದಾರಿ ಇದೆಯಾ?

ಉತ್ತರ: ನೀವು ಕಲಿತದ್ದು ತಪ್ಪಲ್ಲ, ಅರ್ಧ ಅಷ್ಟೆ. ಉಳಿದರ್ಧವನ್ನು ನೀವು ದಿನವೂ ಕನ್ನಡದಲ್ಲಿ ಆಡುತ್ತಲೇ ಇದ್ದೀರಿ. ‘ಅವರು ಮೀಟಿಂಗಿಗೆ ಹೋಗಬೇಕು’ ಅಂದರೆ ಕಡ್ಡಾಯ. ‘ಮೀಟಿಂಗಿಗೆ ಹೋಗಿರಬೇಕು’ ಅಂದರೆ ಊಹೆ. ಎರಡರಲ್ಲೂ ಅದೇ ‘ಬೇಕು’. ಇಂಗ್ಲಿಷಿನ ‘ಮಸ್ಟ್’ ಕೂಡ ಹೀಗೇ ಎರಡು ಕೆಲಸ ಮಾಡುತ್ತದೆ. ‘ಮೇ’ ಕೂಡ ಹಾಗೇ. ‘ನೀವು ಒಳಗೆ ಬರಬಹುದು’ ಅನುಮತಿ, ‘ಸಂಜೆ ಮಳೆ ಬರಬಹುದು’ ಊಹೆ. ಆದ್ದರಿಂದ ಮೊದಲು ನಿಮ್ಮ ಊಹೆಯನ್ನು ಕನ್ನಡದಲ್ಲೇ ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಕ್ರಿಯಾಪದದ ಬಾಲ ನೋಡಿ. ಯಾವ ಇಂಗ್ಲಿಷ್ ಪದ ಬೇಕು ಅಂತ ಹೆಚ್ಚಿನ ಸಲ ಆ ಬಾಲವೇ ಹೇಳುತ್ತದೆ.

ಪಕ್ಕದ ಮನೆಯವರನ್ನು ಕರೆಯಲು ಹೋಗಿದ್ದೀರಿ ಅಂದುಕೊಳ್ಳಿ. ಬಾಗಿಲಲ್ಲಿ ಚಪ್ಪಲಿ ಇದೆ, ಒಳಗೆ ಕುಕ್ಕರ್ ಕೂಗುತ್ತಿದೆ. ‘ಮನೇಲೇ ಇರಬೇಕು’: ದೇ ಮಸ್ಟ್ ಬಿ ಹೋಮ್. ಕಣ್ಣಿಗೋ ಕಿವಿಗೋ ಏನಾದರೂ ಸುಳಿವು ಸಿಕ್ಕಾಗ ಮಾತ್ರ ಈ ‘ಮಸ್ಟ್’. ಚಪ್ಪಲಿ ಇಲ್ಲ, ಆದರೆ ಸ್ಕೂಟರ್ ನಿಂತಿದೆ. ‘ಇದ್ದರೂ ಇರಬಹುದು’: ದೇ ಮೈಟ್ ಬಿ ಹೋಮ್. ‘ಮೇ’ ಅಂದರೂ ‘ಕುಡ್’ ಅಂದರೂ ನಡೆಯುತ್ತದೆ. ಹೊರಗಿನಿಂದ ಬೀಗ ಹಾಕಿದೆ. ‘ಇರೋಕೆ ಸಾಧ್ಯವೇ ಇಲ್ಲ’: ದೇ ಕಾಂಟ್ ಬಿ ಹೋಮ್. ಎಂಟಕ್ಕೆ ಬರ್ತೀವಿ ಅಂದಿದ್ದರು, ಈಗ ಎಂಟೂಕಾಲು. ‘ಲೆಕ್ಕಕ್ಕೆ ಇಷ್ಟೊತ್ತಿಗೆ ಬಂದಿರಬೇಕಿತ್ತು’: ದೇ ಷುಡ್ ಬಿ ಹೋಮ್ ಬೈ ನೌ. ಅಷ್ಟರಲ್ಲಿ ಗೇಟ್ ಸದ್ದಾಯಿತು. ದಿನವೂ ಇದೇ ಹೊತ್ತಿಗೆ ಹಾಲಿನವನು ಬರುತ್ತಾನೆ. ‘ಹಾಲಿನವನೇ ಇರ್ತಾನೆ’: ದಟ್ ವಿಲ್ ಬಿ ದ ಮಿಲ್ಕ್‌ಮ್ಯಾನ್. ಇಲ್ಲಿ ‘ವಿಲ್’ ನಾಳೆಯ ಮಾತಲ್ಲ, ಈ ಕ್ಷಣದ್ದು. ನಮ್ಮ ‘ಇರ್ತಾನೆ’ಯೂ ಹಾಗೇ ಅಲ್ವಾ?

‘ಮಸ್ಟ್’ ಶೇಕಡಾ 95, ‘ಮೇ’ 50, ‘ಮೈಟ್’ 30 ಅಂತ ಕೆಲವು ಗೈಡ್‌ಗಳಲ್ಲಿ ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡಬೇಡಿ. ಯಾರೂ ಶೇಕಡಾ ಲೆಕ್ಕ ಹಾಕಿ ಮಾತಾಡುವುದಿಲ್ಲ. ‘ಮೇ’ ಮತ್ತು ‘ಮೈಟ್’ ನಡುವೆ ದಿನಬಳಕೆಯಲ್ಲಿ ಅಂಥ ವ್ಯತ್ಯಾಸವೂ ಇಲ್ಲ. ಮಾತಿನಲ್ಲಿ ‘ಮೈಟ್’ ಸಲೀಸು, ಬರವಣಿಗೆಯಲ್ಲಿ ‘ಮೇ’ ಸ್ವಲ್ಪ ಜಾಸ್ತಿ. ಮಗು ಕಟ್ಟೆ ಹತ್ತಿದಾಗ ‘ಹುಷಾರು, ಬಿದ್ದೀಯ!’ ಅಂತೀವಲ್ಲ, ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಓದಿದ ರೂಪ, ಅದಕ್ಕೂ ‘ಯೂ ಮೈಟ್ ಫಾಲ್’ ಸರಿಹೊಂದುತ್ತದೆ.

ಇನ್ನು ಕನ್ನಡ ಕೈಕೊಡುವ ಜಾಗಗಳು. ನಾನು ಅತಿ ಹೆಚ್ಚು ಕೇಳುವ ತಪ್ಪು ‘ಕ್ಯಾನ್’ನದು. ‘ಬಹುದು’ ಅಂದ ಕೂಡಲೇ ನಮಗೆ ‘ಕ್ಯಾನ್’ ನೆನಪಾಗುತ್ತದೆ. ‘ಇಟ್ ಕ್ಯಾನ್ ರೈನ್ ಟುಡೇ’ ಅಂದುಬಿಡುತ್ತೇವೆ. ಒಂದು ನಿರ್ದಿಷ್ಟ ದಿನದ, ನಿರ್ದಿಷ್ಟ ಸಂಗತಿಯ ಊಹೆಗೆ ‘ಕ್ಯಾನ್’ ಬರುವುದಿಲ್ಲ. ‘ಇಟ್ ಮೈಟ್ ರೈನ್ ಟುಡೇ’ ಅನ್ನಿ. ಸಾಮಾನ್ಯವಾಗಿ ಹೀಗೂ ಆಗುವುದುಂಟು ಅನ್ನುವಾಗ ಮಾತ್ರ ‘ಕ್ಯಾನ್’ ಸರಿ: ‘ಆಗುಂಬೆ ಕ್ಯಾನ್ ಬಿ ವೆರಿ ವೆಟ್ ಇನ್ ಜುಲೈ’. ತಮಾಷೆ ಅಂದರೆ, ‘ಕಾಂಟ್’ ಊಹೆಗೆ ಬರುತ್ತದೆ, ‘ಕ್ಯಾನ್’ ಬರುವುದಿಲ್ಲ.

ಇನ್ನೊಂದು ‘ಮಸ್ಟ್ ನಾಟ್’. ಅದು ಸಾಮಾನ್ಯವಾಗಿ ‘ಕೂಡದು’. ‘ಹಿ ಮಸ್ಟ್ ನಾಟ್ ಬಿ ಇನ್ ದ ಆಫೀಸ್’ ಅಂದರೆ ಅವನು ಆಫೀಸಿನಲ್ಲಿ ಇರಕೂಡದು ಅಂತ ಆರ್ಡರ್ ಮಾಡಿದ ಹಾಗೆ ಕೇಳಿಸಬಹುದು. ಅಮೆರಿಕದವರು ಇದನ್ನೇ ಊಹೆಗೂ ಬಳಸುತ್ತಾರೆ, ಆದ್ದರಿಂದ ಅಲ್ಲಿನವರ ಬಾಯಲ್ಲಿ ಕೇಳಿದರೆ ಗಾಬರಿ ಬೇಡ. ನೀವು ಮಾತ್ರ ‘ಇರಲಿಕ್ಕಿಲ್ಲ’ಕ್ಕೆ ‘ಪ್ರಾಬಬ್ಲಿ ಈಸಂಟ್’ ಅನ್ನಿ. ‘ಸಾಧ್ಯವೇ ಇಲ್ಲ’ ಅನ್ನುವಷ್ಟು ಖಚಿತವಿದ್ದರೆ ‘ಕಾಂಟ್ ಬಿ’.

ಮುಗಿದ ಸಂಗತಿಯ ಊಹೆಗೆ ಜೊತೆಗೊಂದು ‘ಹ್ಯಾವ್’ ಬೇಕು. ‘ಬಸ್ ತಪ್ಪಿಸಿಕೊಂಡಿರಬೇಕು’: ಹಿ ಮಸ್ಟ್ ಹ್ಯಾವ್ ಮಿಸ್ಡ್ ದ ಬಸ್. ‘ಮರೆತಿರಬಹುದು’: ಹಿ ಮೈಟ್ ಹ್ಯಾವ್ ಫರ್ಗಾಟನ್. ಮಾತಿನ ಓಟದಲ್ಲಿ ಈ ‘ಹ್ಯಾವ್’ ಸವೆದು ‘ಮಸ್ಟವ್’, ‘ಮೈಟವ್’ ಆಗುತ್ತದೆ. ಎಷ್ಟು ಸವೆಯುತ್ತದೆ ಅಂದರೆ, ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ‘ಮಸ್ಟ್ ಆಫ್’ ಅಂತ ತಪ್ಪಾಗಿ ಬರೆಯುತ್ತಾರೆ. ನಾವು ‘ತಲುಪಿರ್ತಾನೆ’ ಅನ್ನಲು ‘ಹಿ ವುಡ್ ಹ್ಯಾವ್ ರೀಚ್ಡ್’ ಅನ್ನುತ್ತೇವೆ. ಇದು ಭಾರತದ ಇಂಗ್ಲಿಷಿನಲ್ಲಿ ಚೆನ್ನಾಗಿ ಓಡುವ ನಾಣ್ಯ. ಹೊರಗಿನವರು ‘ತಲುಪಿರುತ್ತಿದ್ದ, ಆದರೆ...’ ಅಂತ ಕೇಳಿಸಿಕೊಂಡು ಮುಂದಿನ ಮಾತಿಗೆ ಕಾಯಬಹುದು. ‘ವಿಲ್ ಹ್ಯಾವ್’ ಅಂದರೆ ಆ ಗೊಂದಲವಿಲ್ಲ.

ಅಭಿಪ್ರಾಯದ ವಿಷಯಕ್ಕೆ ಬಂದರೆ ‘ಬೇಕು’ ಮತ್ತೆ ತೊಂದರೆ ಕೊಡುತ್ತದೆ. ‘ಈ ರಿಪೋರ್ಟ್ ಬದಲಾಯಿಸಬೇಕು ಅನ್ಸುತ್ತೆ’ ಅಂತ ಮನಸ್ಸಿನಲ್ಲಿಟ್ಟುಕೊಂಡು ‘ಯೂ ಮಸ್ಟ್ ಚೇಂಜ್ ದಿಸ್’ ಅಂದರೆ ಎದುರಿಗಿದ್ದವರಿಗೆ ಹುಕುಂ ಅನ್ನಿಸುತ್ತದೆ. ‘ವಿ ಷುಡ್ ಚೇಂಜ್ ದಿಸ್’ ಅಂದರೆ ಅಭಿಪ್ರಾಯ. ‘ಇಟ್ ಮೈಟ್ ಬಿ ಬೆಟರ್ ಟು ಚೇಂಜ್ ದಿಸ್’ ಅಂದರೆ ನಮ್ಮ ‘ಬದಲಾಯಿಸಿದ್ರೆ ಒಳ್ಳೇದೇನೋ’. ಆ ‘ಏನೋ’ದ ಮೆತುವು ಇಂಗ್ಲಿಷಿನಲ್ಲಿ ‘ಮೈಟ್’ನಲ್ಲಿದೆ. ‘ಯೂ ಹ್ಯಾಡ್ ಬೆಟರ್’ ಬಗ್ಗೆ ಎಚ್ಚರ. ‘ಬೆಟರ್’ ಇದೆ ಅಂತ ಅದನ್ನು ಮೃದು ಅಂದುಕೊಳ್ಳುತ್ತಾರೆ. ಅದರಲ್ಲಿ ‘ಮಾಡು, ಇಲ್ಲಾಂದ್ರೆ ನೋಡು’ ಅನ್ನುವ ಧ್ವನಿ ಇರುತ್ತದೆ. ಬಾಸ್‌ಗಂತೂ ಬೇಡ.

‘ಐ ಥಿಂಕ್’ ಬಿಡಬೇಕಾಗಿಲ್ಲ. ಅಭಿಪ್ರಾಯಕ್ಕೆ ಇರಲಿ: ‘ಐ ಥಿಂಕ್ ವಿ ಷುಡ್ ವೇಟ್’. ಆದರೆ ಯಾರಾದರೂ ಮತ್ತೆ ಮ್ಯಾನೇಜರ್ ಎಲ್ಲಿ ಅಂತ ಕೇಳಿದಾಗ ಅವರ ಕುರ್ಚಿಯ ಕಡೆ ಒಮ್ಮೆ ನೋಡಿ. ಬ್ಯಾಗ್ ಅಲ್ಲೇ ಇದ್ದು ಲ್ಯಾಪ್‌ಟಾಪ್ ಇಲ್ಲದಿದ್ದರೆ ನೀವೂ ಧೈರ್ಯವಾಗಿ ‘ಹಿ ಮಸ್ಟ್ ಬಿ ಇನ್ ಎ ಮೀಟಿಂಗ್’ ಅನ್ನಿ. ಬ್ಯಾಗೂ ಇಲ್ಲವಾ? ‘ಹಿ ಮಸ್ಟವ್ ಲೆಫ್ಟ್’.