ಬೀಗ ತೆಗೆದರೂ ಮನೆಯೊಳಗೆ ಬಂದ ಹಾಗಿಲ್ಲ

ಓದುಗರೊಬ್ಬರ ಪತ್ರ: "ನನ್ನ ತಮ್ಮ ಮತ್ತು ಅವನ ಹೆಂಡತಿ ವಿದೇಶದಲ್ಲಿ ಮಿಷನರಿಗಳು. ಐದು ವರ್ಷ ಅಲ್ಲಿದ್ದು, ಒಂದು ವರ್ಷಕ್ಕೆಂದು ಊರಿಗೆ ಬಂದಿದ್ದರು. ನಾಲ್ಕು ತಿಂಗಳ ಹಿಂದೆ ಇಬ್ಬರು ಮಕ್ಕಳ ಜೊತೆ ವಾಪಸ್ ಹೋದರು. ಮೊದಲ ಸಲ ಹೋದಾಗ ಬರುತ್ತಿದ್ದ ಕಾಗದಗಳಲ್ಲಿ ಎಷ್ಟು ಉತ್ಸಾಹ ಇತ್ತು! ಈಗ ತಮ್ಮನ ಹೆಂಡತಿ ಬರೆಯುತ್ತಾಳೆ, 'ಮನೆಯ ಬೀಗ ತೆಗೆದಿದ್ದೇವೆ, ಇನ್ನೂ ಒಳಗೆ ಬಂದ ಹಾಗಿಲ್ಲ' ಅಂತ. ದೊಡ್ಡ ಮಗಳು ಮಾತೇ ಕಡಿಮೆ ಮಾಡಿದ್ದಾಳಂತೆ. ಗೊತ್ತಿರುವ ಜಾಗಕ್ಕೇ ಹೋಗಿ ಯಾಕೆ ಹೀಗೆ? ಸೇವೆಯಲ್ಲಿ ಮನಸ್ಸು ಕಮ್ಮಿ ಆಯಿತಾ? ನಾನು ಏನು ಕಳಿಸಲಿ?"

ಸಂಪಾದಕರ ಉತ್ತರ:

ಯಾವ ದೇಶ ಅಂತ ನೀವು ಬರೆದಿಲ್ಲ. ಪರವಾಗಿಲ್ಲ. ಎಲ್ಲಿಗೇ ಹೋಗಿರಲಿ, ಈ ಕತೆ ಹೆಚ್ಚು ಬದಲಾಗುವುದಿಲ್ಲ. ಮನಸ್ಸು ಕಮ್ಮಿ ಆಯಿತಾ ಅನ್ನುವ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಅವರಿಗೆ ಕೇಳಬೇಡಿ. ಅದನ್ನು ಅವರೇ ರಾತ್ರಿ ಮಲಗಿದಾಗ ಕೇಳಿಕೊಳ್ಳುತ್ತಿರುತ್ತಾರೆ.

ಮೊದಲ ಸಲ ಹೋದವರಿಗೆ ಎಲ್ಲರೂ ರಿಯಾಯಿತಿ ಕೊಡುತ್ತಾರೆ. ಭಾಷೆ ಬರಲ್ಲ, ಪಾಪ, ಹೊಸಬರು ಅಂತ ಪಕ್ಕದ ಮನೆಯವರೂ ಕೈ ಹಿಡಿದು ನಡೆಸುತ್ತಾರೆ. ತಮಗೆ ತಾವೂ ರಿಯಾಯಿತಿ ಕೊಟ್ಟುಕೊಳ್ಳುತ್ತಾರೆ. ಎರಡನೇ ಸಲ ಅದು ಯಾವುದೂ ಇಲ್ಲ. ವಿಮಾನ ಇಳಿದ ಮರುದಿನವೇ ಹಳಬರು. "ನಿಮಗೆ ಎಲ್ಲ ಗೊತ್ತಲ್ವಾ" ಅಂದುಬಿಡುತ್ತಾರೆ. ಗೊತ್ತಿರುವುದು ಒಂದು ವರ್ಷದ ಹಿಂದಿನ ಊರು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಪರದೇಶಕ್ಕೆ ಹೋದವರ ತಳಮಳಕ್ಕೆ 'ಕಲ್ಚರ್ ಶಾಕ್' ಅನ್ನುವ ಮಾತು ಬಳಕೆಗೆ ಬಂದದ್ದು ಹೆಚ್ಚಾಗಿ ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ ಅವರಿಂದ. 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಒಂದು ಭಾಷಣದಲ್ಲಿ ಅವರು ಇದನ್ನು ಬಿಡಿಸಿ ಹೇಳಿದರು. ಮೊದಲು ಮಧುಚಂದ್ರದಂಥ ಖುಷಿ, ಆಮೇಲೆ ಸಿಟ್ಟು ಬೇಸರ, ಆಮೇಲೆ ನಿಧಾನಕ್ಕೆ ಹೊಂದಿಕೆ. ನಿಮ್ಮ ತಮ್ಮನವರಿಗೆ ಈ ಸಲ ಆ ಮಧುಚಂದ್ರ ಸಿಗಲೇ ಇಲ್ಲ. ನೇರ ಸಿಟ್ಟಿನ ಮನೆಗೇ ಇಳಿದಿದ್ದಾರೆ.

ದಣಿದೂ ಹೋಗಿದ್ದಾರೆ, ಅದು ನೆನಪಿರಲಿ. ನೀವು 'ಒಂದು ವರ್ಷ' ಅಂದದ್ದನ್ನು ಹಿಂದೆ ಫರ್ಲೋ ಅನ್ನುತ್ತಿದ್ದರು, ಅಂದರೆ ರಜೆ. ಈಗ ಅನೇಕ ಮಿಷನ್‌ಗಳು ಆ ಪದವನ್ನೇ ಬಿಟ್ಟು 'ಹೋಂ ಅಸೈನ್‌ಮೆಂಟ್' ಅನ್ನುತ್ತವೆ. ಸರಿಯಾಗೇ ಇದೆ. ವಾರಕ್ಕೊಂದು ಸಭೆ, ಅದೇ ಫೋಟೋಗಳು, ಅದೇ ಸಾಕ್ಷಿ (ನಂಬಿಕೆಯ ಅನುಭವ ಹೇಳುವುದು), ಬೆಂಬಲ ಕೊಡುವವರ ಮನೆಗಳಲ್ಲಿ ಊಟ, ಮಕ್ಕಳಿಗೆ "ಆ ಭಾಷೆಯಲ್ಲಿ ಒಂದು ಹಾಡು ಹೇಳಮ್ಮಾ" ಅನ್ನುವ ಬಲವಂತ. ರಜೆ ಎಲ್ಲಿ ಬಂತು?

ಇನ್ನು ಆ ಬೀಗ ತೆಗೆದ ಮನೆ. ವರ್ಷ ಮುಚ್ಚಿದ್ದ ಕೋಣೆಯಲ್ಲಿ ಮುಗ್ಗಲು ವಾಸನೆ. ಕಪಾಟಿನಲ್ಲಿ ಮಕ್ಕಳ ಶೂಗಳು ಬಿಟ್ಟು ಹೋದ ಹಾಗೇ ಇರುತ್ತವೆ, ಒಂದೂ ಕಾಲಿಗೆ ಹಿಡಿಸುವುದಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಎತ್ತರ ಅಳೆದು ಎಳೆದಿದ್ದ ಪೆನ್ಸಿಲ್ ಗೆರೆ ಈಗ ಹುಡುಗಿಯ ಕಿವಿಯ ಹತ್ತಿರ. ಸಾಕಲು ಕೊಟ್ಟು ಹೋದ ನಾಯಿ ಬಾಲ ಆಡಿಸುತ್ತದೆ, ಆಡಿಸಿ ಪಕ್ಕದ ಮನೆಗೇ ಹೋಗಿ ಮಲಗುತ್ತದೆ. ಸಣ್ಣವನಿಗೆ ಅಲ್ಲಿಯ ಮಾತು ಅರ್ಥವಾದರೂ ಬಾಯಿಗೆ ಬರುವುದಿಲ್ಲ. ಪುಟ್ಟ ಮಕ್ಕಳು ಭಾಷೆ ಕಲಿಯುವಷ್ಟೇ ಬೇಗ ಮರೆಯುತ್ತಾರೆ. ದೊಡ್ಡವಳ ವಿಷಯ ಬೇರೆ. ಗೆಳತಿಯರ ಬೆಂಚಿನಲ್ಲಿ ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿರುತ್ತಾಳೆ. ಯಾರೂ ಕೆಟ್ಟವರಲ್ಲ, ಸುಮ್ನೆ ವರ್ಷ ಕಳೆದಿದೆ ಅಷ್ಟೇ. ಮಾತು ಕಡಿಮೆ ಮಾಡದೆ ಇನ್ನೇನು ಮಾಡುತ್ತಾಳೆ?

ಇಂಥ ಮಕ್ಕಳಿಗೆ 'ಥರ್ಡ್ ಕಲ್ಚರ್ ಕಿಡ್ಸ್' ಎಂದು ಹೆಸರಿಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್. 1950ರ ದಶಕದಲ್ಲಿ ಅವರು ಮತ್ತು ಅವರ ಗಂಡ ಭಾರತದಲ್ಲಿ ಕೆಲಸಕ್ಕಿದ್ದ ಅಮೆರಿಕನ್ನರನ್ನು ನೋಡಿಯೇ ಈ ಯೋಚನೆಗೆ ಬಂದದ್ದು. ಅಪ್ಪ ಅಮ್ಮನ ದೇಶವೂ ಪೂರ್ತಿ ತನ್ನದಲ್ಲ, ಬೆಳೆದ ದೇಶವೂ ಪೂರ್ತಿ ತನ್ನದಲ್ಲ. ಎರಡರ ನಡುವೆ ಮೂರನೆಯದೊಂದು.

ಹಿಂದೆ ಈ ಸಮಸ್ಯೆ ಇರಲಿಲ್ಲವಾ ಅಂದರೆ, ಇತ್ತು, ಇನ್ನೂ ಕ್ರೂರವಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಕ್ಕಳನ್ನು ಓದಿಗೆಂದು ಚಿಕ್ಕ ವಯಸ್ಸಿನಲ್ಲೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಅದೇ ಮಿಷನ್ನಿನ, ಮಲಯಾಳ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು. ತೀರಾ ಪುಟ್ಟವಳಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಹುಟ್ಟಿದ ಸೀಮೆಗೆ, ಹೆತ್ತವರ ಹತ್ತಿರ, ಹೆಚ್ಚುಕಮ್ಮಿ ಅಪರಿಚಿತಳಾಗಿ. ಮುಂದೆ ಇವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ನಿಮ್ಮ ತಮ್ಮನ ಮಕ್ಕಳು ಅಪ್ಪ ಅಮ್ಮನ ಜೊತೆಯಲ್ಲೇ ಇದ್ದಾರೆ. ಆ ಮಟ್ಟಿಗೆ ಕಾಲ ಒಳ್ಳೆಯದಾಗಿದೆ.

ಈಗ ತಮ್ಮನ ವಿಷಯ. ನಿಮ್ಮ ಪತ್ರದಲ್ಲಿ ಅವನ ಬಗ್ಗೆ ಹೆಚ್ಚು ಇಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ.

ನನಗೆ ಪರಿಚಯದ ಮಿಷನರಿಯೊಬ್ಬರು ಹೇಳಿದ್ದು ಇದು. ವಾಪಸ್ ಹೋದ ಮೊದಲ ಭಾನುವಾರ ಚರ್ಚಿನಲ್ಲಿ ಅಭ್ಯಾಸಬಲದಿಂದ ಮುಂದಿನ ಕುರ್ಚಿಯ ಕಡೆ ನಡೆದರಂತೆ. ಅಲ್ಲಿ ಅವರೇ ತರಬೇತಿ ಕೊಟ್ಟ ಹುಡುಗ ಕೂತಿದ್ದ. ಎದ್ದು ಜಾಗ ಬಿಡಲು ಹೋದ, ಇವರು ಬೇಡ ಎಂದು ಹಿಂದಿನ ಸಾಲಿಗೆ ಹೋದರು. ಹುಡುಗ ಪ್ರಸಂಗ ಮಾಡಿದ. ಚೆನ್ನಾಗಿ ಮಾಡಿದ, ಇವರಿಗಿಂತ ಚೆನ್ನಾಗಿ. ಇವರು ಐದು ವರ್ಷ ಹೇಳಿಯೂ ನಗದ ಅಜ್ಜಿಯೊಬ್ಬರು ಅವನ ಜೋಕಿಗೆ ನಕ್ಕರು. "ವರ್ಷಗಟ್ಟಲೆ ಪ್ರಾರ್ಥನೆ ಮಾಡಿದ್ದು ಇದಕ್ಕೇ ಸ್ವಾಮಿ. ಕಣ್ಣೆದುರು ಕಂಡಾಗ ಮಾತ್ರ ಹೊಟ್ಟೆ ಉರಿಯಿತು" ಅಂದರು. ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುವವರು ಕಡಿಮೆ.

ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ 19ನೇ ಶತಮಾನದ ನಡುವಿನಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸ್ಥಳೀಯ ಚರ್ಚು ತನ್ನ ಆಡಳಿತ ತಾನೇ ನೋಡಿಕೊಳ್ಳಬೇಕು, ತನ್ನ ಖರ್ಚು ತಾನೇ ಹೊರಬೇಕು, ಸುವಾರ್ತೆಯನ್ನು ತಾನೇ ಹರಡಬೇಕು. ಅಷ್ಟಾದ ಮೇಲೆ ಮಿಷನ್ ಅಲ್ಲಿಂದ ಎದ್ದು ಹೋಗಬೇಕು. ಇದಕ್ಕೆ ಅವರು ಬಳಸಿದ ಮಾತು 'ಮಿಷನ್ನಿನ ದಯಾಮರಣ'! ಕಾಗದದ ಮೇಲೆ ಬಹಳ ಸೊಗಸಾದ ತತ್ವ. ಹಿಂದಿನ ಸಾಲಿನಲ್ಲಿ ಕೂತವನಿಗೆ ಮರಣದ ಭಾಗವೇ ಜಾಸ್ತಿ ಕಾಣುತ್ತದೆ.

ನಿಮ್ಮ ತಮ್ಮನಿಗೂ ಇಂಥದ್ದೇನಾದರೂ ಆಗಿರಬಹುದು. ಆಗಿಲ್ಲದೆಯೂ ಇರಬಹುದು. ಕೇಳಿ ನೋಡಿ. "ಸೇವೆ ಹೇಗೆ ನಡೀತಿದೆ" ಅಂತಲ್ಲ. ಅದಕ್ಕೆ ಪ್ರಾರ್ಥನಾ ಪತ್ರದ, ಅಂದರೆ ಬೆಂಬಲ ಕೊಡುವವರಿಗೆಲ್ಲ ಕಳಿಸುವ ಸುದ್ದಿಪತ್ರದ, ಉತ್ತರವೇ ಬರುತ್ತದೆ. "ನೀನಿಲ್ಲದಾಗ ಯಾರು ನೋಡಿಕೊಂಡರು, ಈಗ ಅವರು ಏನು ಮಾಡುತ್ತಿದ್ದಾರೆ" ಅಂತ ಕೇಳಿ. ಉತ್ತರ ಉದ್ದವಾಗಿ ಬಂದರೆ ಒಳ್ಳೆಯದು.

ದೊಡ್ಡವಳಿಗೆ ಬೇರೆಯೇ ಕಾಗದ ಹಾಕಿ, ಅಪ್ಪ ಅಮ್ಮನ ಲಕೋಟೆಯಲ್ಲಿ ಸೇರಿಸಬೇಡಿ. ಅಲ್ಲಿ ಮನೆ ಅನ್ನಿಸುತ್ತಾ, ಇಲ್ಲಿ ಮನೆ ಅನ್ನಿಸಿತ್ತಾ ಅಂತ ಪರೀಕ್ಷೆ ಮಾಡಬೇಡಿ. ಊರಿನಲ್ಲಿದ್ದಾಗ ಅವಳು ನಿಮ್ಮ ಜೊತೆ ಏನು ಮಾಡಿ ನಕ್ಕಳೋ ಅದನ್ನು ಬರೆಯಿರಿ.

ಕೊನೆಗೆ ನಿಮ್ಮ ಪಾರ್ಸೆಲ್. ಪುಸ್ತಕ, ಆಟದ ಸಾಮಾನು, ನಿಮಗೆ ತೋಚಿದ್ದು. ಶೂ ಕಳಿಸುವುದಾದರೆ ಈಗಿನ ಅಳತೆ ಕೇಳಿಯೇ ಕಳಿಸಿ.