ಆ ಕೊನೆಯ ಎರಡು ಸಾಲು ತೆಗೆದುಬಿಡಿ

ಓದುಗರ ಪತ್ರ: ನೂರು ಪದಗಳಲ್ಲಿ ನಿಜ ಘಟನೆ ಬರೆದು ಕಳಿಸಿ ಎಂದು ಕೇಳಿದ್ದೀರಿ. ನಾನು ಪ್ರಥಮ ಪಿಯುಸಿ ಓದುತ್ತಿದ್ದೇನೆ. ಈ ವಯಸ್ಸಿಗೆ ಬರೆಯುವಂಥದ್ದು ಏನು ತಾನೇ ನಡೆದಿರುತ್ತದೆ? ಆದರೂ ಒಂದು ಬರೆದೆ, 240 ಪದ ಆಯಿತು. ಸ್ವಲ್ಪ ಕಲ್ಪನೆ ಸೇರಿಸಿ ಕೊನೆಯನ್ನು ಇನ್ನೂ ಚೆನ್ನಾಗಿ ಮಾಡಬಹುದಾ?

ಸಂಪಾದಕರ ಉತ್ತರ: ಕಲ್ಪನೆ ಸೇರಿಸಬೇಡಿ. ನಿಮ್ಮ ಬರಹಕ್ಕೆ ಅದರ ಅಗತ್ಯವೇ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, ಏಳನೇ ತರಗತಿಗೇ ಶಾಲೆ ಬಿಟ್ಟ ನಿಮ್ಮಮ್ಮ ಅಂಕಗಳನ್ನು ಎರಡು ಸಲ ಓದಿಸಿದರು. ಎರಡನೇ ಸಲ ಕನ್ನಡದ್ದು ಮಾತ್ರ. 125ಕ್ಕೆ 119 ಎಂದಾಗ ‘ಇನ್ನಾರು ಎಲ್ಲಿ ಹೋಯ್ತು?’ ಎಂದು ನಕ್ಕರು. ಕಥೆ ಇರುವುದು ಅಲ್ಲೇ. ಅಲ್ಲಿಗೆ ಬರುವಷ್ಟರಲ್ಲಿ ನೀವು ಊರಿನ ವರ್ಣನೆ, ಬಾಲ್ಯ, ಮನೆಯ ಕಷ್ಟ ಎಲ್ಲ ಹೇಳಿ ಮುಗಿಸಿದ್ದೀರಿ. ಫೋನಿನಲ್ಲಿ ಫಲಿತಾಂಶ ತೆರೆದಲ್ಲಿಂದಲೇ ಶುರು ಮಾಡಿ. ಕಷ್ಟ ಎಂಬ ಪದವೂ ಬೇಡ. ಅಮ್ಮ ಎಷ್ಟನೇ ತರಗತಿಗೆ ಶಾಲೆ ಬಿಟ್ಟರು ಅಂದರೆ ಸಾಕು, ಓದುವವರಿಗೆ ಗೊತ್ತಾಗುತ್ತದೆ.

ಇನ್ನು, ತಾಯಿಯ ಋಣದ ಬಗ್ಗೆ ಬರೆದ ಆ ಕೊನೆಯ ಎರಡು ಸಾಲು. ಪೀಠಿಕೆ, ವಿವರಣೆ, ಉಪಸಂಹಾರ ಎಂದು ಪ್ರಬಂಧ ಬರೆದು ರೂಢಿಯಾದ ಕೈ ಅದು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇದೆ, ಇಲ್ಲಿ ಇಲ್ಲ. ಅಮ್ಮ ನಕ್ಕಲ್ಲಿಗೇ ನಿಲ್ಲಿಸಿ.

ನೂರು ಪದ ತೀರಾ ಕಡಿಮೆ ಅನ್ನಿಸುತ್ತಿದೆ, ಅಲ್ವಾ? ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹದಿಹರೆಯದವರಿಗೆ ಸ್ವಂತ ಅನುಭವ ಬರೆಯುವ ಸ್ಪರ್ಧೆ ನಡೆಸಿದೆ. ಮೊದಲು ಅಲ್ಲಿ 600 ಪದಗಳವರೆಗೆ ಬರೆಯಬಹುದಿತ್ತು. 2022ರಲ್ಲಿ ಅದನ್ನು ನೂರಕ್ಕೆ ಇಳಿಸಿದರು. ಅಮೆರಿಕದ್ದೇ ಸ್ಮಿತ್ ಪತ್ರಿಕೆ 2006ರಲ್ಲಿ ಆರೇ ಪದಗಳಲ್ಲಿ ಬದುಕನ್ನು ಹೇಳಿ ಎಂದು ಓದುಗರನ್ನು ಕೇಳಿತ್ತು. ನಮಗೆ ಇನ್ನೊಂದು ಅನುಕೂಲವೂ ಇದೆ. ಕನ್ನಡದಲ್ಲಿ ಕಾಲ, ಲಿಂಗ, ವಿಭಕ್ತಿ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ನಮ್ಮ ನೂರು ಪದಗಳಲ್ಲಿ ಇಂಗ್ಲಿಷಿನ ನೂರಕ್ಕಿಂತ ಜಾಸ್ತಿ ಹಿಡಿಸುತ್ತದೆ.

ವಯಸ್ಸಿನ ಚಿಂತೆ ಬಿಡಿ. ನಲವತ್ತು ದಾಟಿದವರು ಹದಿಹರೆಯದ ನೆನಪು ಬರೆದು ಕಳಿಸಿದಾಗ ನಾನು ಹುಡುಕುವುದು ಅಂದು ಆಡಿದ ಮಾತನ್ನು. ಹೆಚ್ಚಿನ ಸಲ ಅದೇ ಅಳಿಸಿಹೋಗಿರುತ್ತದೆ, ಆಮೇಲೆ ಮೂಡಿದ ಅಭಿಪ್ರಾಯ ಮಾತ್ರ ಉಳಿದಿರುತ್ತದೆ. ನಿಮಗೆ ಆ ಮಾತು ಇನ್ನೂ ಕಿವಿಯಲ್ಲಿದೆ. ಈಗಲೇ ಬರೆದಿಡಿ. ನೆನಪಿಲ್ಲದ ಮಾತಿಗೆ ಮಾತ್ರ ಉದ್ಧರಣ ಚಿಹ್ನೆ ಹಾಕಬೇಡಿ. ‘ಏನೋ ಅಂದರು’ ಎಂದು ಬರೆದರೆ ಅದೂ ನಿಜವೇ.

ಗೆಳತಿ ಆ ದಿನ ಯಾಕೆ ಅತ್ತಳು ಅನ್ನುವ ಭಾಗವನ್ನು ನಾನು ಕೈಬಿಡುತ್ತೇನೆ. ಅವಳು ಎಷ್ಟು ವಿಷಯದಲ್ಲಿ ಫೇಲಾದಳು ಅನ್ನುವುದನ್ನು ಹೇಳುವುದು, ಬಿಡುವುದು ಅವಳಿಗೆ ಸೇರಿದ್ದು. ಹೆಸರು ಬದಲಿಸಿದರೂ ನಿಮ್ಮ ಊರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅಮ್ಮನಿಗೂ ಒಮ್ಮೆ ಪೂರ್ತಿ ಓದಿ ಹೇಳಿ. ಅಚ್ಚಾಗಲಿ ಎಂದು ಅವರು ಒಪ್ಪಿದರೆ, ತಿದ್ದಿದ ಪ್ರತಿಯನ್ನು ಈ ತಿಂಗಳ ಒಳಗೇ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.