ಟ್ಯಾಬ್ ಆಮೇಲೆ, ಮೊದಲು ಸ್ಟೆತಾಸ್ಕೋಪ್ ಡಬ್ಬಿ ಬಿಚ್ಚಿ

ಇದು 2021, ಕೋವಿಡ್‌ನ ಎರಡನೇ ಅಲೆ. ಎರಡನೇ ವರ್ಷದ ಎಂಬಿಬಿಎಸ್, ಕಾಲೇಜು ಮತ್ತೆ ಮುಚ್ಚಿದೆ, ಆನ್‌ಲೈನ್‌ಗೆ ಬೇಗ ಹೊಂದಿಕೊಳ್ಳುವುದು ಹೇಗೆ, ಟ್ಯಾಬ್ ಕೊಳ್ಳಲಾ, ದುಡ್ಡು ಕೊಟ್ಟು ವಿಡಿಯೊ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಹೋದ ವರ್ಷ ನಾನು ಎರಡನ್ನೂ ಮಾಡಿದೆ.

ಓದುತ್ತಿರುವುದು ದಾವಣಗೆರೆಯಲ್ಲಿ, ಊರು ಹೊಳಲ್ಕೆರೆ ಕಡೆ. 2020ರ ಮಾರ್ಚ್‌ನಲ್ಲಿ ಊರಿಗೆ ಬರುವಾಗ ನಾಲ್ಕು ಜೊತೆ ಬಟ್ಟೆ, ಪೆಥಾಲಜಿ (ರೋಗಶಾಸ್ತ್ರ) ಪುಸ್ತಕ, ಹೊಸ ಸ್ಟೆತಾಸ್ಕೋಪ್ ಇಷ್ಟೇ ತಂದಿದ್ದೆ. ಒಂದೆರಡು ವಾರಕ್ಕೆ ಸಾಕು ಅಂದುಕೊಂಡಿದ್ದೆ. 24ರ ರಾತ್ರಿ 21 ದಿನ ಲಾಕ್‌ಡೌನ್ ಅಂದರು. ನಾನು ಹಾಸ್ಟೆಲ್ ಬಾಗಿಲು ಮತ್ತೆ ತೆಗೆದದ್ದು ವರ್ಷದ ಕೊನೆಗೆ.

ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಅಡಿಕೆ ತೋಟ ದಾಟಿ ಕೆರೆ ಏರಿ ಹತ್ತಿದರೆ ಎರಡು ಕಡ್ಡಿ. ಅಲ್ಲೇ ಹುಣಸೆ ಮರದ ಕೆಳಗೆ ನನ್ನ ಕ್ಲಾಸು. ಜೂಮ್‌ನ ಪುಕ್ಕಟೆ ಮೀಟಿಂಗು 40 ನಿಮಿಷಕ್ಕೆ ಕಟ್ ಆಗುತ್ತಿತ್ತು. ಮತ್ತೆ ಎಲ್ಲರೂ ಸೇರಿ, ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತಿತ್ತು. ನೆಟ್ ನಿಧಾನವಾದರೆ ಪೆಥಾಲಜಿ ಸ್ಲೈಡು ಸುಮ್ನೆ ಗುಲಾಬಿ ಬಣ್ಣದ ಕಲೆ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಟ್ಯಾಬ್ ಕೊಡಿಸಿದರು. ಕಲೆ ದೊಡ್ಡದಾಗಿ ಕಂಡಿತು, ಅಷ್ಟೇ.

ಆದರೆ ನನಗೆ ಪೆಟ್ಟು ಕೊಟ್ಟದ್ದು ನೆಟ್ ಅಲ್ಲ. ಆ ಒಂಬತ್ತು ತಿಂಗಳು ಸ್ಟೆತಾಸ್ಕೋಪ್ ಡಬ್ಬಿಯಿಂದ ಆಚೆ ಬರಲೇ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತಿದೆ. ಸ್ಟೆತಾಸ್ಕೋಪ್ ಅಂದರೆ ವಾರ್ಡಿಗೆ, ರೋಗಿಗೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಮನೆಯಲ್ಲಿ ಇರುವವರು ರೋಗಿಗಳಲ್ಲವಲ್ಲ! ಅಜ್ಜಿ ದಿನಾ ಕೇಳೋಳು, 'ಡಾಕ್ಟ್ರಮ್ಮ, ನನ್ನ ಎದಿ ಒಂದೀಟು ನೋಡೆ' ಅಂತ. 'ಇನ್ನೂ ಕಲಿತಿಲ್ಲ ಅಜ್ಜಿ' ಅಂದು ಇಯರ್‌ಫೋನ್ ಹಾಕಿಕೊಂಡು, ಹೃದಯದ ಸದ್ದಿನ ವಿಡಿಯೊ ಕೇಳುತ್ತಾ ಕೂರುತ್ತಿದ್ದೆ. ಒಂದು ನಿಜವಾದ ಹೃದಯ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿತ್ತು.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಹೃದಯದ ಸದ್ದು ಬಹುಪಾಲು ತಗ್ಗು ಸ್ಥಾಯಿಯ ಸದ್ದು. ಮೊಬೈಲಿನ ಪುಟ್ಟ ಸ್ಪೀಕರ್ ಅದನ್ನು ನುಂಗುತ್ತದೆ. ಆನ್‌ಲೈನ್ ಕ್ಲಾಸಿನಲ್ಲಿ ಕೇಳಿಸಿದರೆ, ಗದ್ದಲ ತೆಗೆಯುವ ಸಾಫ್ಟ್‌ವೇರ್ ಅದನ್ನೂ ಗದ್ದಲ ಅಂದುಕೊಂಡು ಒರೆಸಿಬಿಡಬಹುದು.

ಕಾಲೇಜು ತೆರೆಯಿತು. ಮೊದಲ ವಾರವೇ ಮೆಡಿಸಿನ್ ವಾರ್ಡಿನಲ್ಲಿ ಸರ್ ಕೇಳಿದರು: 'ಏಪೆಕ್ಸ್ ಬೀಟ್ ತೋರಿಸಮ್ಮ.' ಅಂದರೆ ಹೃದಯದ ಬಡಿತ ಎದೆಯ ಮೇಲೆ ಬೆರಳಿಗೆ ಸಿಗುವ ಜಾಗ. ಡೆಫಿನಿಷನ್ ಬಾಯಿಪಾಠ. ಎಡಗಡೆ ಐದನೇ ಪಕ್ಕೆಲುಬಿನ ಕೆಳಗಿನ ಸಂದು, ಮಿಡ್‌ಕ್ಲ್ಯಾವಿಕ್ಯುಲರ್ ಗೆರೆಯಿಂದ (ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ ಎಳೆದಂತೆ ಅಂದುಕೊಳ್ಳುವ ಗೆರೆ) ಚೂರು ಒಳಗೆ. ಗಡಗಡ ಹೇಳಿದೆ. ಆಮೇಲೆ ಎಣಿಸಲು ಹೋದೆ. ಮೊದಲನೇ ಪಕ್ಕೆಲುಬು ಕೊರಳೆಲುಬಿನ ಹಿಂದೆ ಅಡಗಿರುತ್ತದೆ, ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಎದೆ ಮೂಳೆಯ ಮೇಲಿನ ಉಬ್ಬನ್ನು, ಅಂದರೆ ಸ್ಟರ್ನಲ್ ಆ್ಯಂಗಲ್ ಅನ್ನು ಹುಡುಕಿ, ಅದರ ಪಕ್ಕದ್ದು ಎರಡನೆಯದು ಅಂತ ಶುರು ಮಾಡಬೇಕು. ನಾನು ಆ ಉಬ್ಬನ್ನು ನೋಡಿದ್ದು ಸ್ಲೈಡಿನ ಬಾಣದ ಗುರುತಲ್ಲಿ ಮಾತ್ರ. ಕೈಗೆ ಮೊದಲು ಸಿಕ್ಕಿದ್ದನ್ನೇ ಒಂದು ಅಂದೆ. ಹೀಗಾಗಿ ಒಂದು ಸಂದು ಕೆಳಗಿಳಿದು, ಆರನೆಯದರಲ್ಲಿ ಬೆರಳಿಟ್ಟು, 'ಸಿಗುತ್ತಿಲ್ಲ ಸರ್' ಅಂದೆ. ಮಂಚದ ಮೇಲಿದ್ದ ಜಗಳೂರು ಕಡೆಯ ತಾತ ನನ್ನ ಕೈ ಹಿಡಿದು ಮೇಲಕ್ಕೆ ಸರಿಸಿದರು. 'ಇಲ್ಲಿ ಬಡ್ಕಂತೈತಿ ನೋಡವ್ವ.' ಸರ್ ನಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಪೋಸ್ಟಿಂಗಿನ, ಅಂದರೆ ವಾರ್ಡಿನಲ್ಲಿ ಕಲಿಯುವ ಸರದಿಯ, ಕೊನೆಯ ಟೆಸ್ಟಿನಲ್ಲೂ ಕೈ ನಡುಗಿ ಫೇಲಾದೆ.

ಹಾಗಾಗಿ 'ಆನ್‌ಲೈನ್‌ಗೆ ಬೇಗ ಹೊಂದಿಕೊಳ್ಳುವುದು ಹೇಗೆ' ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ನಾನು ಚೆನ್ನಾಗಿಯೇ ಹೊಂದಿಕೊಂಡಿದ್ದೆ, ಅದೇ ತೊಂದರೆ ಆಗಿದ್ದು. ಫಾರ್ಮಕಾಲಜಿ, ಮೈಕ್ರೋಬಯಾಲಜಿ ಥಿಯರಿ ಪುಸ್ತಕದಿಂದಲೂ ಆಗುತ್ತದೆ. ಕೋರ್ಸಿನ ದುಡ್ಡು ಉಳಿಸಿ. ರೆಕಾರ್ಡಿಂಗ್ ಗುಡ್ಡೆ ಹಾಕಿಕೊಳ್ಳಬೇಡಿ, ನನ್ನ ಟ್ಯಾಬಿನಲ್ಲಿ ತೆರೆಯದ ಫೈಲುಗಳೇ ಜಾಸ್ತಿ. ಟ್ಯಾಬ್ ಬೇಕೇ ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ನನ್ನದನ್ನೇ ಕೊಡಬಲ್ಲೆ.

ಈಗ ಎರಡನೇ ಅಲೆಗೆ ನಾನೂ ಮತ್ತೆ ಊರಲ್ಲೇ ಇದ್ದೇನೆ. ಬೆಳಿಗ್ಗೆ ಕೆರೆ ಏರಿ, ಸಂಜೆ ಅಜ್ಜಿ. ನಾಡಿ ಎಣಿಸುತ್ತೇನೆ, ಪಕ್ಕೆಲುಬು ಎಣಿಸುತ್ತೇನೆ, ಉಸಿರು ಕೇಳುತ್ತೇನೆ. ಆರೋಗ್ಯವಂತರ ಸದ್ದು ಕಿವಿಗೆ ಹತ್ತದೆ ರೋಗದ ಸದ್ದು ಬೇರೆ ಅಂತ ಗೊತ್ತಾಗುವುದಾದರೂ ಹೇಗೆ? ಆದರೆ ಮನೆಯವರನ್ನು ಮಾತ್ರ, ಅದೂ ಅವರು ಒಪ್ಪಿದರೆ. ಜ್ವರ, ಕೆಮ್ಮು ಇದ್ದವರ ಹತ್ತಿರ ಡಾಕ್ಟರ್ ಆಟ ಬೇಡ, ಅವರನ್ನು ಆಸ್ಪತ್ರೆಗೆ ಕಳಿಸಿ.

ಮನೆಯಲ್ಲಿ ಅಜ್ಜ ಇದ್ದಾರೆ ಅಂತ ಬರೆದಿದ್ದೀರಿ. ಇವತ್ತು ಸಂಜೆಯೇ ಕೇಳಿ ನೋಡಿ. ಎದೆಗೆ ಇಡುವ ಮೊದಲು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದರೆ ನನ್ನ ಅಜ್ಜಿ ಈಗಲೂ ಬೈಯುತ್ತಾಳೆ.